ಕಸೂತಿ ಪ್ರಶ್ನೋತ್ತರ: ಎರಡೂ ಬದಿಗೆ ಒಂದೇ ಗವಂತಿ

ಪ್ರಶ್ನೆ: ಅಜ್ಜಿಯ ಇಳಕಲ್ ಸೀರೆಯ ಸೆರಗಿನಲ್ಲಿ ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣುತ್ತದೆ. ಅಮ್ಮನಿಂದ ಕಲಿತು ನಾನು ಹಾಕಿದರೆ ಗೆರೆ ಅಂಕುಡೊಂಕು, ಹಿಂದೆ ಅಲ್ಲಲ್ಲಿ ದಾರ ಅಡ್ಡ ಹಾಯುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಇವು ಎರಡು ಬೇರೆ ಬೇರೆ ತಪ್ಪುಗಳು. ಗವಂತಿಯಲ್ಲಿ ಸೂಜಿ ಒಂದೇ ಗೆರೆಯ ಮೇಲೆ ಎರಡು ಸಲ ಹೋಗುತ್ತದೆ. ಹೋಗುವಾಗ ಬಟ್ಟೆಯ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಬರುವಾಗ ಖಾಲಿ ಬಿಟ್ಟ ಜಾಗ ತುಂಬುತ್ತಾ ಅವೇ ತೂತುಗಳಲ್ಲಿ. ಅಲ್ಲಿ ಆಗಲೇ ಒಂದು ದಾರ ಕೂತಿರುತ್ತದಲ್ಲ, ಸೂಜಿ ಅದರ ಯಾವ ಮಗ್ಗುಲಿಗೆ ಎಂಬುದರಲ್ಲೇ ಎಲ್ಲ ಇದೆ. ಪ್ರತಿ ಸಲವೂ ಹಳೆಯ ದಾರದ ಮೇಲ್ಮಗ್ಗುಲಲ್ಲಿ ಏಳಿ, ಕೆಳಮಗ್ಗುಲಲ್ಲಿ ಇಳಿಯಿರಿ. ಒಮ್ಮೆ ಹೀಗೆ, ಒಮ್ಮೆ ಹಾಗೆ ಆದರೆ ಗೆರೆ ಕುಣಿಯುತ್ತದೆ. ಮೊನೆ ದಾರವನ್ನು ಸೀಳಿದರೂ ಅಷ್ಟೇ. ಮೊಂಡುಮೊನೆಯ 24 ಅಥವಾ 26ನೇ ನಂಬರಿನ ಸೂಜಿ ಬಳಸಿ.

ದಾರ ಅಡ್ಡ ಹಾಯುವುದು ಹೊಲಿಗೆಯ ದೋಷವಲ್ಲ, ದಾರಿಯ ದೋಷ. ಗೋಪುರದ ಚಿತ್ತಾರ ಹಾಕುವಾಗ ಮೂಲಗೆರೆಯಿಂದ ಕವಲು ಬಂತೆನ್ನಿ. ಅದರ ತುದಿವರೆಗೆ ಹೋಗಿ, ತುಂಬುತ್ತಾ ಮೂಲಗೆರೆಗೆ ವಾಪಸು ಬಂದು, ಆಮೇಲೆ ಮುಂದೆ ಹೋಗಬೇಕು. ತುದಿಯಿಂದ ಪಕ್ಕದ ಕವಲಿಗೆ ಹಾರಿದಿರೋ, ಹಿಂದೆ ಅಡ್ಡದಾರ ಬಿತ್ತು. ಪ್ರತಿ ಗೆರೆಗೂ ಎರಡು ಸಲ ಹೋಗುವ ಲೆಕ್ಕ ಇರುವುದರಿಂದ, ಕೂಡಿಕೊಂಡಿರುವ ಯಾವ ಚಿತ್ತಾರವನ್ನೂ ಹಾರದೆ ಮುಗಿಸಬಹುದು. ಸೂಜಿ ಹಿಡಿಯುವ ಮೊದಲು ಗ್ರಾಫ್ ಕಾಗದದ ಮೇಲೆ ಪೆನ್ಸಿಲ್ ಎತ್ತದೆ ಆ ದಾರಿ ನಡೆದು ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಹೊಲಿಗೆಗಿಂತ ಮೊದಲು ಈ ದಾರಿಯನ್ನೇ ಕೇಳಿ ಬರೆದಿಡಿ; ಹೊಲಿಗೆ ಸೀರೆ ನೋಡಿದರೂ ಸಿಗುತ್ತದೆ, ದಾರಿ ಸಿಗುವುದಿಲ್ಲ.

ಪ್ರಶ್ನೆ: ಗಂಟು ಹಾಕದೆ ಶುರು ಮಾಡುವುದು, ಮುಗಿಸುವುದು ಹೇಗೆ?

ಉತ್ತರ: ಸುಮಾರು 45 ಸೆಂ.ಮೀ. ದಾರ ಸಾಕು, ಉದ್ದವಾದಷ್ಟೂ ಸಿಕ್ಕು. ಶುರುವಿನಲ್ಲಿ 8–10 ಸೆಂ.ಮೀ. ಬಾಲ ಬಿಡಿ. ಕೊನೆಗೆ ಅದನ್ನು ಸೂಜಿಗೆ ಪೋಣಿಸಿ, ಆಗಲೇ ಹಾಕಿದ ಮೂರು–ನಾಲ್ಕು ಹೊಲಿಗೆಗಳ ಮೇಲೆ ಅವೇ ತೂತುಗಳಲ್ಲಿ ಓಡಿಸಿ ಕತ್ತರಿಸಿ. ಮುಗಿಸುವಾಗಲೂ ಹಾಗೆಯೇ. ಮೆಂತೆ ಹೊಲಿಗೆಗೆ (X ಆಕಾರದ ಹೊಲಿಗೆ) ಈ ಚಿಂತೆ ಬೇಡ, ಅದು ಹೇಗಿದ್ದರೂ ಎರಡೂ ಬದಿಗೆ ಒಂದೇ ಥರ ಬರುವುದಿಲ್ಲ. ಹಿಂಬದಿ ಕಾಣುವ ಸೆರಗಿಗೆ ಅದು ಬೇಡ ಎನ್ನುವುದೇ ನಮ್ಮ ಸಲಹೆ.

ಪ್ರಶ್ನೆ: ಹಳೆಯ ಸೀರೆಯ ತೇರಿನ ಚಿತ್ತಾರವನ್ನು ಹೊಸ ಬಟ್ಟೆಗೆ ಇಳಿಸಿದೆ. ಎತ್ತರವಾಗಿ, ಸಣಕಲಾಗಿ ಬಂತು.

ಉತ್ತರ: ಎಣಿಕೆ ಸರಿಯಿದೆ, ಬಟ್ಟೆ ಬೇರೆ. ಹೊಸ ಬಟ್ಟೆಯಲ್ಲಿ ಹಾಸು (ಉದ್ದದ ಎಳೆ) ಹೊಕ್ಕಿಗಿಂತ (ಅಡ್ಡ ಎಳೆ) ಒತ್ತಾಗಿದೆ. ಉದಾಹರಣೆಗೆ 40 ಹೊಲಿಗೆ, ಹೊಲಿಗೆಗೆ 4 ಎಳೆಯಂತೆ 160 ಎಳೆ. ಸೆಂ.ಮೀ.ಗೆ 20 ಹಾಸೆಳೆ ಇದ್ದರೆ ಅಗಲ 8 ಸೆಂ.ಮೀ.; 16 ಹೊಕ್ಕೆಳೆ ಇದ್ದರೆ ಎತ್ತರ 10 ಸೆಂ.ಮೀ. ಮೂಲೆಯಲ್ಲಿ ಹತ್ತು ಹೊಲಿಗೆಯ ಚೌಕ ಹಾಕಿ ಅಳೆದರೆ ಮೊದಲೇ ಗೊತ್ತಾಗುತ್ತದೆ. ಈ ಲೆಕ್ಕದಲ್ಲಿ ಅಡ್ಡ ಹೊಲಿಗೆಗೆ 5 ಎಳೆ, ಉದ್ದದ್ದಕ್ಕೆ 4 ಎಳೆ ಹಿಡಿದರೆ ತೇರು ನೆಟ್ಟಗಾಗುತ್ತದೆ. ಎಳೆ ಎಣಿಸಲಾಗದಷ್ಟು ಒತ್ತಾದ ರೇಷ್ಮೆಯಾದರೆ ಮೇಲೆ ಸಡಿಲ ನೇಯ್ಗೆಯ ಬಟ್ಟೆ ಇಟ್ಟು ಟಾಕು ಹಾಕಿ, ಅದರ ಎಳೆ ಚುಚ್ಚದಂತೆ ಎರಡನ್ನೂ ಸೇರಿಸಿ ಹೊಲಿಯಿರಿ. ಆಮೇಲೆ ಮೇಲಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ತೆಗೆದಾಗ ಹೊಲಿಗೆ ತುಸು ಸಡಿಲಾಗುತ್ತದೆ, ಮೊದಲೇ ಸ್ವಲ್ಪ ಬಿಗಿಯಾಗಿ ಎಳೆದಿರಬೇಕು.