ಅವ್ವ ಮಾತ್ರೆ ಮರೆಯುತ್ತಾಳೆ ಅಂತ ಬಂದ ಮಗಳು

ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಗುರುತು ಸಿಗುವ ವಿವರ ಯಾವುದನ್ನೂ ಇಟ್ಟಿಲ್ಲ.

ತಾಯಿ ದಾವಣಗೆರೆಯಲ್ಲಿ ಒಬ್ಬರೇ ಇದ್ದಾರೆ. ಎಪ್ಪತ್ತು ದಾಟಿದೆ. ಬಿಪಿ, ಶುಗರ್ ಎರಡೂ ಇವೆ. ಗಂಡ ಹತ್ತಿ ಗಿರಣಿಯಲ್ಲಿ ದುಡಿದವರು, ಈಗಿಲ್ಲ. ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸ. ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ತಾಯಿ ಹಿತ್ತಲಿನಲ್ಲಿ ಬೆವತು, ಕೈಕಾಲು ನಡುಗಿ ಕುಸಿದು ಕೂತರು. ಪಕ್ಕದ ಮನೆಯವರು ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ದರು. ಶುಗರ್ ತೀರಾ ಇಳಿದಿತ್ತು.

ಮಗಳು ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಅವರ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿತ್ತು. ಅವ್ವನಿಗೆ ಮರೆವಿನ ಕಾಯಿಲೆ ಶುರುವಾಗಿದೆ, ಮನೆ ಬೀಗ ಹಾಕಿ ಬೆಂಗಳೂರಿಗೆ ಕರೆದುಕೊಂಡು ಹೋಗುವುದೇ ದಾರಿ. "ಮೇಡಂ, ದಿನಾ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿ ಮಾತ್ರೆ ತಗೊಂಡ್ಯಾ ಅಂತ ಕೇಳ್ತೀನಿ. ಹೂಂ ಅಂತಾಳೆ. ಊರಿಗೆ ಬಂದು ನೋಡಿದ್ರೆ ಕೆಲವು ಮಾತ್ರೆ ಹಾಗೇ ಇರುತ್ತೆ, ಕೆಲವು ಬೇಗ ಖಾಲಿಯಾಗಿರುತ್ತೆ." ಹೇಳುತ್ತಾ ಅತ್ತರು. ದೂರ ಇರುವ ಮಕ್ಕಳಿಗೆ ಈ ತಪ್ಪಿತಸ್ಥ ಭಾವನೆ ಬಹಳ ಜಾಸ್ತಿ. ಅದೇ ಅವಸರದ ತೀರ್ಮಾನಕ್ಕೂ ದೂಡುತ್ತದೆ.

ತಾಯಿಯನ್ನು ಬೇರೆಯಾಗಿ, ಅವರ ಮನೆಯಲ್ಲೇ ಭೇಟಿಯಾದೆ. ಇದನ್ನು ನಾನು ಯಾವಾಗಲೂ ಒತ್ತಿ ಹೇಳುತ್ತೇನೆ, ವಯಸ್ಸಾದವರ ಬಗ್ಗೆ ಅವರ ಎದುರಿಗೇ ಮಕ್ಕಳು ಮಾತಾಡುತ್ತಾ ಕೂತರೆ ಅವರು ಬಾಯಿ ಬಿಡುವುದಿಲ್ಲ. ಮಾತ್ರೆ ಮರೆಯುತ್ತೀರಾ ಅಂತ ನಾನು ಕೇಳಲಿಲ್ಲ. ನಿನ್ನೆ ಬೆಳಗಿನಿಂದ ರಾತ್ರಿವರೆಗೆ ಏನೇನು ಮಾಡಿದಿರಿ ಹೇಳಿ ಅಂದೆ. ಹಾಲಿನವನಿಗೆ ಕೊಡಬೇಕಾದ ಬಾಕಿ, ಮೊಮ್ಮಗನ ಪರೀಕ್ಷೆ ತಾರೀಖು, ಸಂಘದ ಚೀಟಿ ಯಾರಿಗೆ ಬಂತು, ಎಲ್ಲ ಸರಿಯಾಗಿ ಹೇಳಿದರು. ಆಮೇಲೆ ಮಾತ್ರೆಗಳ ಮಾತು ತಾನಾಗಿಯೇ ಬಂತು.

ಶ್ರಾವಣ ಸೋಮವಾರ ಅವರಿಗೆ ಒಪ್ಪತ್ತು. ಊಟ ಮಾಡುವುದು ಪೂಜೆಯೆಲ್ಲ ಮುಗಿದ ಮೇಲೆ, ಮಧ್ಯಾಹ್ನ. ಆದರೆ ಮಗಳ ಫೋನ್ ಏಳಕ್ಕೇ ಬರುತ್ತದೆ. ಬೈಸಿಕೊಳ್ಳುವುದು ಯಾಕೆ ಅಂತ ಮಾತ್ರೆ ನುಂಗಿ ಹೂಂ ಅಂದಿದ್ದಾರೆ. ಅದು ಶುಗರ್ ಮಾತ್ರೆ, ಗ್ಲಿಮೆಪಿರೈಡ್. ಹೊಟ್ಟೆಗೆ ಊಟ ಬೀಳಲಿ ಬಿಡಲಿ, ಅದು ಶುಗರ್ ಇಳಿಸುತ್ತದೆ. ತಿಂಡಿ ಜೊತೆಗೆ ತೆಗೆದುಕೊಳ್ಳಬೇಕಾದ ಮಾತ್ರೆ ನುಂಗಿ ಮಧ್ಯಾಹ್ನದವರೆಗೆ ಉಪವಾಸ ಇದ್ದರೆ ಕುಸಿಯದೆ ಇನ್ನೇನು? ಅಂದರೆ ಆ ದಿನ ಅವರು ಮಾತ್ರೆ ಮರೆತಿರಲಿಲ್ಲ. ನೆನಪಿಸಿದ್ದರಿಂದಲೇ ಆಪತ್ತು ಬಂದಿತ್ತು. "ಮಗಳು ತಗೊಂಡ್ಯಾ ಅಂತಾಳೆ, ತಿಂದ್ಯಾ ಅಂತ ಕೇಳಲ್ಲ" ಅಂದರು ಆ ತಾಯಿ, ದೂರು ಹೇಳುವ ಧಾಟಿಯಲ್ಲಿ ಅಲ್ಲ, ಸುಮ್ನೆ.

ಇನ್ನೊಂದು ಗಂಟು ಬಿಪಿ ಮಾತ್ರೆಯದು. ಅಂಗಡಿಯಲ್ಲಿ ಒಂದು ಸಲ ಹಳೇ ಕಂಪನಿಯದು ಸಿಗದೆ ಬೇರೆ ಕಂಪನಿಯದು ಕೊಟ್ಟಿದ್ದರು. ಒಂದು ಬಿಳಿ, ಒಂದು ಗುಲಾಬಿ ಸ್ಟ್ರಿಪ್. ಎರಡರಲ್ಲೂ ಇದ್ದದ್ದು ಒಂದೇ ಔಷಧಿ, ಅಮ್ಲೋಡಿಪಿನ್. ಹೆಸರು ಇಂಗ್ಲಿಷಿನಲ್ಲಿ, ಅದೂ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಅವರು ಎರಡನ್ನೂ ತೆಗೆದುಕೊಳ್ಳುತ್ತಿದ್ದರು. ಈ ಮಾತ್ರೆಯಿಂದ ಕೆಲವರಿಗೆ ಪಾದ ಊದುತ್ತದೆ, ಡೋಸ್ ಜಾಸ್ತಿಯಾದರೆ ಇನ್ನೂ ಊದುತ್ತದೆ. ಊತ ಅಂತ ಮತ್ತೊಬ್ಬ ಡಾಕ್ಟರಿಗೆ ತೋರಿಸಿದಾಗ ಮೂತ್ರ ಜಾಸ್ತಿ ಹೋಗುವ ಮಾತ್ರೆ ಬರೆದುಕೊಟ್ಟಿದ್ದರು. ಎರಡು ಸ್ಟ್ರಿಪ್ ಇರುವ ವಿಷಯ ಆ ಡಾಕ್ಟರಿಗೆ ಯಾರೂ ಹೇಳಿರಲಿಲ್ಲ. ಈ ಮೂತ್ರದ ಮಾತ್ರೆಯನ್ನು ಮದುವೆ, ಭಜನೆ ಇದ್ದ ದಿನ ತಾಯಿ ಬೇಕಂತಲೇ ಬಿಡುತ್ತಿದ್ದರು. ಕಲ್ಯಾಣ ಮಂಟಪದಲ್ಲಿ ಮೇಲಿಂದ ಮೇಲೆ ಎದ್ದು ಹೋಗುವುದು ಮುಜುಗರ ಅಲ್ವಾ? ಇದನ್ನು ಮಗಳಿಗೆ ಹೇಳಲು ನಾಚಿಕೆ. ಹಾಗಾಗಿ "ಮರ್ತೋಯ್ತು" ಅನ್ನುವ ಉತ್ತರ.

ಮೂರು ಬೇರೆ ಬೇರೆ ಕಾರಣ, ಎಲ್ಲಕ್ಕೂ ಮನೆಯಲ್ಲಿ ಒಂದೇ ಹೆಸರು: ಮರೆವು. ಹೊಸ ಫೋನು, ಅಲಾರಂ ಏನೇ ತಂದರೂ ಇದರಲ್ಲಿ ಒಂದೂ ಸರಿಹೋಗುತ್ತಿರಲಿಲ್ಲ.

ನಾನು ಕೊಟ್ಟ ಮೊದಲ ಸಲಹೆ, ಮನೆಯಲ್ಲಿರುವ ಮಾತ್ರೆ, ಟಾನಿಕ್, ನೋವಿನ ಮಾತ್ರೆ, ಚೂರ್ಣ, ಹಳೇ ಚೀಟಿ ಎಲ್ಲವನ್ನೂ ಒಂದು ಕೈಚೀಲಕ್ಕೆ ಸುರಿದು ಒಬ್ಬರೇ ಡಾಕ್ಟರ ಮುಂದೆ ಇಡಿ ಅಂತ. ಒಪ್ಪತ್ತಿನ ವಿಷಯವನ್ನೂ ಬಾಯಿಬಿಟ್ಟು ಹೇಳಿ. ಮಾತ್ರೆ ಬದಲಿಸುವುದು, ನಿಲ್ಲಿಸುವುದು ನನ್ನ ಕೆಲಸ ಅಲ್ಲ, ನಿಮ್ಮದೂ ಅಲ್ಲ. ಡಾಕ್ಟರು ಬಿಪಿಯದು ಒಂದನ್ನು ತೆಗೆದರು. ಉಪವಾಸದ ದಿನಕ್ಕೆ ಬೇರೆ ಕ್ರಮ ಬರೆದುಕೊಟ್ಟರು. ಊತ ಇಳಿದ ಮೇಲೆ ಮೂತ್ರದ ಮಾತ್ರೆಯನ್ನೂ ನಿಲ್ಲಿಸಿದರು. ಜೊತೆಗೆ ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಬಗ್ಗೆ ಕೇಳಿ ಅಂದಿದ್ದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು, ಅದರಿಂದಲೂ ಮರೆವು ಬರಬಹುದು, ಅದಕ್ಕೆ ಚಿಕಿತ್ಸೆ ಇದೆ. ಮರೆವು ಅಂದ ಕೂಡಲೇ ದೊಡ್ಡ ಕಾಯಿಲೆ ಅಂತ ಹೆದರುವ ಮೊದಲು ಇವನ್ನು ನೋಡಿಸಿ.

ಆಮೇಲೆ ವಾರದ ಮಾತ್ರೆ ಡಬ್ಬಿ. ಏಳು ದಿನ, ಬೆಳಿಗ್ಗೆ ರಾತ್ರಿ ಬೇರೆ ಬೇರೆ ಖಾನೆ. ಪಕ್ಕದ ಮನೆಯ ಕಾಲೇಜು ಹುಡುಗಿ ಪ್ರತಿ ಭಾನುವಾರ ತಾಯಿಯ ಜೊತೆ ಕೂತು ತುಂಬುತ್ತಾಳೆ. ಜೊತೆ ಕೂತು ಅನ್ನುವುದು ಮುಖ್ಯ, ತಾಯಿಯೇ ಹೇಳಬೇಕು, ಹುಡುಗಿ ಚೀಟಿ ನೋಡಿ ಹೌದು ಅನ್ನಬೇಕು. ಕೆಲವು ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸಿ ಇಡಬಾರದು, ಅಂಗಡಿಯಲ್ಲಿ ಕೇಳಿಕೊಳ್ಳಿ. ಡಬ್ಬಿ ಎಲ್ಲಿಡಬೇಕು? ಅಡುಗೆ ಕಟ್ಟೆಯಲ್ಲಿ, ತಿಂಡಿ ತಟ್ಟೆ ಪಕ್ಕ, ಒಲೆಯ ಬಿಸಿ ತಾಗದ ಕಡೆ. ತೆಗೆದುಕೊಂಡೆನೋ ಇಲ್ಲವೋ ಅನ್ನುವ ಅನುಮಾನ ಬಂದರೆ ಖಾನೆ ನೋಡಿದರೆ ಸಾಕು. ಒಂದು ಹೊತ್ತಿನದು ತಪ್ಪಿದರೆ ಮುಂದಿನ ಸಲ ಎರಡು ನುಂಗುವುದು ಬೇಡ.

ಮಗಳ ಫೋನ್ ಈಗ ಎಂಟೂವರೆಗೆ. ಮೊದಲ ಪ್ರಶ್ನೆ "ಏನ್ ತಿಂಡಿ ಮಾಡ್ದೆ ಅವ್ವ?" ಬೈಗುಳ ಇಲ್ಲದಿದ್ದರೆ ನಿಜ ಹೊರಗೆ ಬರುತ್ತದೆ. ಒಂದು ದಿನ "ರಾತ್ರಿದು ತಗೊಂಡಿಲ್ಲ ಕಣವ್ವ" ಅಂತ ತಾಯಿಯೇ ಹೇಳಿದರಂತೆ. ಮಗಳಿಗೆ ಅದು ತುಂಬಾ ದೊಡ್ಡ ವಿಷಯ, ನನಗೂ.

ಪಕ್ಕದ ಮನೆಯವರಿಗೂ ಒಂದು ಮಾತು ತಿಳಿಸಿದ್ದೇವೆ. ಬೆವರು, ನಡುಕ, ತಡಬಡ ಮಾತು ಕಂಡರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಡಿ, ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೆ ಕೊಡಿ, ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಹೀಗೆ ಪಕ್ಕದವರು ಇಲ್ಲದ ಹಿರಿಯರು ಮಾಹಿತಿ, ನೆರವಿಗೆ 14567 ಹಿರಿಯರ ಸಹಾಯವಾಣಿಗೆ ಕರೆ ಮಾಡಬಹುದು, ತುರ್ತು ಇದ್ದರೆ 108ಕ್ಕೇ.

ಬೆಂಗಳೂರಿಗೆ ಹೋಗುವ ಮಾತು ಸದ್ಯಕ್ಕೆ ನಿಂತಿದೆ. ತಾಯಿಗೆ ಮಂಡಿ ನೋವು ಇದೆ, ಅದು ಜಾಸ್ತಿಯಾದರೆ ಮತ್ತೆ ಕೂತು ಮಾತಾಡೋಣ ಅಂತ ಇಬ್ಬರೂ ಒಪ್ಪಿದ್ದಾರೆ.