ಕಲ್ಲು–ಶಿಲ್ಪ: ನಿಮ್ಮ ಪ್ರಶ್ನೆಗೆ ಉತ್ತರ

ಪ್ರಶ್ನೆ: ತೋಟದಲ್ಲಿ ಎರಡೂವರೆ ಅಡಿ ಎತ್ತರದ ಅಮೃತಶಿಲೆಯ ಬುದ್ಧನಿದ್ದಾನೆ, ಭೂಮಿಸ್ಪರ್ಶ ಮುದ್ರೆ. ಮಾರಿದವರು ಬರ್ಮಾದ್ದು, ನೂರು ವರ್ಷ ಹಳೆಯದು ಎಂದಿದ್ದರು. ಹೆಗಲ ಮೇಲೆ ಕಪ್ಪು ಪಾಚಿ ಕೂತಿದೆ. ತೊಳೆದು ಬೆಲೆ ಕಟ್ಟಿಸಬೇಕೆಂದಿದ್ದೇವೆ.
— ಓದುಗರು, ಮಾಲೂರು

ಮೊದಲು ಬೆಲೆ, ಆಮೇಲೆ ತೊಳೆಯುವುದು. ಬರ್ಮಾದ ಹಳೆಯ ಬುದ್ಧರಲ್ಲಿ ಚೀವರದ (ಬುದ್ಧನ ಮೈಮೇಲಿನ ವಸ್ತ್ರ) ಅಂಚಿಗೆ ಚಿನ್ನದ ಲೇಪ, ಕಣ್ಣು–ತುಟಿಗೆ ಬಣ್ಣ ಇರುತ್ತಿತ್ತು. ಮಡಿಕೆಗಳ ಸಂದಿಯಲ್ಲಿ ಅದರ ಚೂರು ಉಳಿದಿದ್ದರೆ ಬ್ರಷ್ ಅದನ್ನೇ ಮೊದಲು ತಿನ್ನುತ್ತದೆ.

ನಿಜವಾದ ಕಲ್ಲೇ ಎಂದು ನೋಡಿ. ಪೀಠದ ತಳದಲ್ಲಿ, ಕಣ್ಣಿಗೆ ಬೀಳದ ಕಡೆ, ಚಾಕುವಿನ ತುದಿಯಿಂದ ಗೀರಿದರೆ ಅಮೃತಶಿಲೆಗೆ ಗೀರು ಬೀಳುತ್ತದೆ, ಗ್ರಾನೈಟ್‌ಗೆ ಬೀಳುವುದಿಲ್ಲ. ಅಲ್ಲೇ ಒಂದು ತೊಟ್ಟು ನಿಂಬೆರಸ ಹಾಕಿ: ನೊರೆ ಬಂದರೆ ಸುಣ್ಣದ ಅಂಶವಿದೆ. ತಕ್ಷಣ ತೊಳೆದುಬಿಡಿ. ಆದರೆ ರೆಸಿನ್‌ನಲ್ಲಿ (ಗಟ್ಟಿಯಾಗುವ ಪ್ಲಾಸ್ಟಿಕ್ ಅಂಟು) ಅಮೃತಶಿಲೆಯ ಪುಡಿ ಕಲಸಿ ಎರಕ ಹೊಯ್ದ ಮೂರ್ತಿಯೂ ನೊರೆ ಕೊಡಬಹುದು. ಕಾಯಿಸಿದ ಸೂಜಿ ಮೂರ್ತಿಯೊಳಗೆ ಇಳಿದು ಪ್ಲಾಸ್ಟಿಕ್ ವಾಸನೆ ಬಂದರೆ, ಪಕ್ಕೆಯಲ್ಲಿ ಅಚ್ಚಿನ ಗೆರೆ ಕಂಡರೆ ಅದು ಎರಕವೇ. ತೂಕವೂ ಹೇಳುತ್ತದೆ: ಒಂದು ಘನ ಅಡಿ ಅಮೃತಶಿಲೆ ಸುಮಾರು 76 ಕೆಜಿ.

ಇನ್ನು ವಯಸ್ಸು. ಹಣೆಯ ಮೇಲೆ ಅಗಲವಾದ ಪಟ್ಟಿ, ಅಲೆಯಲೆಯಾದ ಚೀವರ ಇದ್ದರೆ ಬರ್ಮಾದ ಮ್ಯಾಂಡಲೆ ಶೈಲಿ. ಆದರೆ ಆ ಶೈಲಿಯನ್ನು ಇವತ್ತಿಗೂ ಕೆತ್ತುತ್ತಾರೆ, ಹಾಗಾಗಿ ಶೈಲಿ ನೋಡಿ ವಯಸ್ಸು ಹೇಳಲಾಗದು. ತಳದಲ್ಲಿ ಯಂತ್ರದ ಕಟಿಂಗ್ ಬ್ಲೇಡಿನ ಕಮಾನು ಗೆರೆಗಳಿದ್ದರೆ ನೂರು ವರ್ಷದ ಮಾತು ಅನುಮಾನವೇ. ಇಲ್ಲದಿದ್ದರೂ ಹಳೆಯದೆಂದಾಗದು, ಉಳಿಯಲ್ಲಿ ಕೆತ್ತುವವರು ನಿಮ್ಮ ಪಕ್ಕದ ಶಿವಾರಪಟ್ಟಣದಲ್ಲೇ ಇದ್ದಾರೆ. ನೂರು ವರ್ಷ ದಾಟಿದ ಶಿಲ್ಪ 1972ರ ಕಾಯ್ದೆಯಡಿ ಪುರಾತನ ವಸ್ತು: ನೋಂದಣಿ ಬೇಕು, ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು. ಮಾರಿದವರಿಂದ ಆ ಕಾಗದ ಕೇಳಿ. ಕಾಗದವಿಲ್ಲದ ನೂರು ವರ್ಷಕ್ಕೆ ಒಂದು ರೂಪಾಯಿಯೂ ಹೆಚ್ಚಿಗೆ ಕಟ್ಟಬೇಡಿ.

ಪಾಚಿಗೆ: ಬೆಳಗಿನ ತಂಪಿನಲ್ಲಿ ಆರ್‌ಒ ನೀರು, ಮೆತ್ತನೆಯ ನೈಲಾನ್ ಬ್ರಷ್. ಕೆಳಗಿನಿಂದ ಮೇಲಕ್ಕೆ ನೆನೆಸುತ್ತ ಹೋಗಿ. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣಗಲ್ಲಿನ ಮೇಲಿಳಿದು ಗೆರೆಯಾಗಿ ಹಿಂಗುತ್ತದೆ. ಉಳಿದ ಕಲೆಗೆ ಬಿಳಿ ಟಿಶ್ಯೂ ಪೇಪರನ್ನು 6% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅದ್ದಿ ಅರ್ಧ ಬೆರಳು ದಪ್ಪ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ ಒಂದು ದಿನ ಬಿಡಿ. ಕೈಗೆ ಗ್ಲೌಸ್ ಇರಲಿ. ಬಣ್ಣ ಉಳಿದ ಕಡೆ ಮಾತ್ರ ಇದು ಬೇಡ. ಮುಲ್ತಾನಿ ಮಿಟ್ಟಿಯೂ ಬೇಡ, ಅದರ ಕಬ್ಬಿಣದಂಶ ಹಳದಿ ಕಲೆ ಬಿಡಬಹುದು.

ಪ್ರಶ್ನೆ: ಬೋರ್‌ವೆಲ್ ನೀರಿನ ಸ್ಪ್ರಿಂಕ್ಲರ್ ಬಿದ್ದು ಬುದ್ಧನ ಮೊಣಕಾಲ ಮೇಲೆ ಬಿಳಿ ಪದರ ಕಟ್ಟಿದೆ. ಹುಣಸೆಹುಳಿ ಇಲ್ಲವೇ ಬಾತ್‌ರೂಮ್ ಆಸಿಡ್ ಹಾಕಬಹುದೇ?
— ಓದುಗರು, ಬಂಗಾರಪೇಟೆ

ಎರಡೂ ಬೇಡ. ಆ ಪದರವೂ ಕ್ಯಾಲ್ಸಿಯಂ ಕಾರ್ಬೊನೇಟ್, ಕಲ್ಲೂ ಅದೇ. ಪದರವನ್ನು ಕರಗಿಸುವ ಹುಳಿ ಮೊಣಕಾಲನ್ನೂ ಕರಗಿಸುತ್ತದೆ. ಹುಣಸೆಹುಳಿ ತಾಮ್ರದ ಚೊಂಬಿಗೆ ಸರಿ. ಆರ್‌ಒ ನೀರಿನ ಒದ್ದೆ ಬಟ್ಟೆ ಎರಡು ಗಂಟೆ ಇಟ್ಟು, ಬಿದಿರು ಕಡ್ಡಿಯಿಂದ ಬಂದಷ್ಟನ್ನು ಮಾತ್ರ ತೆಗೆಯಿರಿ. ಉಳಿದದ್ದು ಇರಲಿ. ಸ್ಪ್ರಿಂಕ್ಲರ್ ದಿಕ್ಕು ಬದಲಿಸುವುದೇ ಮುಖ್ಯ ಕೆಲಸ. ಮಜ್ಜಿಗೆ, ಮೊಸರು, ನಿಂಬೆಯ ಅಭಿಷೇಕವೂ ಇದೇ ಹಾನಿ ಮಾಡುತ್ತದೆ.

ಬೆರಳು ಸವರಿದಾಗ ಸಕ್ಕರೆಯಂತೆ ಹರಳು ಉದುರಿದರೆ ಬ್ರಷ್ಷನ್ನೂ ಮುಟ್ಟಿಸಬೇಡಿ. ಬಿಸಿಲಲ್ಲಿ ಅಮೃತಶಿಲೆಯ ಕ್ಯಾಲ್ಸೈಟ್ ಹರಳು ಒಂದು ದಿಕ್ಕಿಗೆ ಹಿಗ್ಗಿ ಇನ್ನೊಂದು ದಿಕ್ಕಿಗೆ ಕುಗ್ಗುತ್ತದೆ. ಹೀಗಾಗಿ ಹರಳು ಹರಳಿನ ಬೆಸುಗೆ ಸಡಿಲುತ್ತದೆ. ಅಂಥ ಮೂರ್ತಿಯ ಮೇಲೆ ಸೂರು ಬೇಕು.

ಪ್ರಶ್ನೆ: ಮೂರ್ತಿಗೆ ಕೈಯನ್ನು ಬೇರೆಯಾಗಿ ಜೋಡಿಸಿದ ಕಡೆ ಬಿರುಕು, ಕೆಂಪು ಕಲೆ?
— ಓದುಗರು, ಚಿಂತಾಮಣಿ

ಒಳಗಿನ ಕಬ್ಬಿಣದ ಸಲಾಕೆ ತುಕ್ಕು ಹಿಡಿದು ಉಬ್ಬಿರಬೇಕು. ಮೇಲೆ ಸಿಮೆಂಟ್ ಬಳಿದರೆ ಬಿರುಕು ಮತ್ತೆ ಬರುತ್ತದೆ. ಶಿಲ್ಪಿಯಿಂದ ಸಲಾಕೆ ತೆಗೆಸಿ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ.