ಫಿಟ್ಸ್ ಇರುವ ಮಗನ ಕೈಗೆ ಗುರುತಿನ ಬ್ಯಾಂಡ್: ಏನು ಕೆತ್ತಿಸಬೇಕು, ಯಾರಿಗಾಗಿ ಕೆತ್ತಿಸಬೇಕು

ಅಣ್ಣ, ನಿಮ್ಮ ಪ್ರಶ್ನೆ ರಾತ್ರಿಯೇ ನೋಡಿದೆ. ಬೆಳೆಗಾರರ ಗುಂಪಿನಲ್ಲಿ ಕಾಫಿ, ಮೆಣಸಿನ ರೇಟಿನ ಮಧ್ಯೆ ಇಂಥದ್ದು ಕೇಳಿದೆನಲ್ಲ ಅಂತ ಮುಜುಗರ ಪಡಬೇಡಿ. ಮಗನಿಗೆ 19 ವರ್ಷ, ಎರಡು ವರ್ಷದಿಂದ ಫಿಟ್ಸ್, ಮಾತ್ರೆ ನಡೆಯುತ್ತಿದೆ, ಮೂಡಿಗೆರೆ ಕಡೆ ನಿಮ್ಮ ಜೊತೆಗೇ ತೋಟದಲ್ಲಿ ಇರುತ್ತಾನೆ. ಡಾಕ್ಟರು ಕೈಗೆ ಕಾಯಿಲೆಯ ವಿವರ ಕೆತ್ತಿದ ಮೆಡಿಕಲ್ ಬ್ಯಾಂಡ್ ಹಾಕಿಸಿ ಅಂದಿದ್ದಾರೆ. ಅತ್ತಿಗೆ ಮಾತ್ರ "ಕಾಯಿಲೆಗೆ ಬೋರ್ಡು ತಗುಲಿಸಿಕೊಂಡು ಓಡಾಡಬೇಕಾ" ಅಂತ ಬೇಜಾರು ಮಾಡಿಕೊಂಡಿದ್ದಾರೆ. ನನಗೂ ಫಿಟ್ಸ್ ಇದೆ ಅಣ್ಣ. 23ನೇ ವಯಸ್ಸಿನಲ್ಲಿ ಶುರುವಾಯಿತು, ಈಗ 47. ಹನ್ನೆರಡು ವರ್ಷದಿಂದ ಎಡಗೈಯಲ್ಲಿ ಬ್ಯಾಂಡ್ ಇದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಹಾಕಿಸಿ. ಅದರಲ್ಲಿ ಎರಡು ಮಾತಿಲ್ಲ.

ಮೊದಲು ನನ್ನ ಹತ್ತಿರವೂ ಬರೀ ಚೀಟಿ ಇತ್ತು. ಹೆಸರು, ಕಾಯಿಲೆ, ಮನೆ ನಂಬರು ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಒಂದು ದಿನ ಸಕಲೇಶಪುರದ ಸಂತೆಯಲ್ಲಿ ಬಿದ್ದೆ. ಎಚ್ಚರವಾದಾಗ ಬಲಗೈ ಮುಷ್ಟಿಯಲ್ಲಿ ಯಾರದೋ ಬೀಗದ ಕೈ ಗೊಂಚಲು. ಬಾಯಲ್ಲಿ ರಕ್ತ. ಹಲ್ಲು ಕಚ್ಚಿಕೊಂಡಿದ್ದೇನೆ ಅಂತ ಚಮಚ ತುರುಕಿದ್ದರು, ಮುಂದಿನ ಹಲ್ಲಿನ ತುದಿ ಮುರಿದಿತ್ತು. ಇನ್ನು ಕೆಲವರು "ಬೆಳಗ್ಗೆಯೇ ಕುಡಿದಿದ್ದಾನೆ" ಅನ್ನುತ್ತಿದ್ದರು. ಫಿಟ್ಸ್ ನಿಂತ ಮೇಲೂ ಸ್ವಲ್ಪ ಹೊತ್ತು ನಾಲಿಗೆ ತೊದಲುತ್ತದೆ, ಹಿಡಿಯಲು ಬಂದವರನ್ನು ತಳ್ಳುತ್ತೇವೆ, ನೋಡುವವರಿಗೆ ಹಾಗೆ ಕಾಣುತ್ತದೆ. ಪರ್ಸು ಜೇಬಿನಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಬಾಳೆಹಣ್ಣು ಮಾರುವ ಅಜ್ಜ ಒಬ್ಬರು ಆಮೇಲೆ ಹೇಳಿದರು: "ಬಿದ್ದವರ ಜೇಬಿಗೆ ಕೈ ಹಾಕಿದರೆ ಕಳ್ಳ ಅಂತಾರಪ್ಪ." ಅವರದ್ದು ತಪ್ಪಲ್ಲ. ಓದಬೇಕಾದ್ದು ಕಣ್ಣಿಗೆ ಕಾಣುವ ಜಾಗದಲ್ಲಿ ಇರಲಿಲ್ಲ, ಅಷ್ಟೇ.

ಅವತ್ತಿನಿಂದ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೇನೆ. ಈ ಬ್ಯಾಂಡ್ ಡಾಕ್ಟರಿಗಿಂತ ಮೊದಲು ಬೇಕಾಗುವುದು ನಮ್ಮ ಪಕ್ಕ ಮೊದಲು ಓಡಿ ಬರುವವರಿಗೆ. ಅವರು ಬಸ್ ಕಂಡಕ್ಟರ್ ಇರಬಹುದು, ತೋಟದ ಆಳು ಇರಬಹುದು, ಕಾಲೇಜು ಹುಡುಗಿ ಇರಬಹುದು. ಕೆತ್ತಿಸುವುದು ಅವರಿಗಾಗಿ. ಅಂಗಡಿಯವರು ಇಂಗ್ಲಿಷಿನಲ್ಲಿ ದೊಡ್ಡದಾಗಿ ಎಪಿಲೆಪ್ಸಿ ಅಂತ ಹಾಕಿ ಕೊಡುತ್ತಾರೆ. ಅದು ಇರಲಿ, ಆಸ್ಪತ್ರೆಗೆ ಬೇಕು. ಆದರೆ ಒಂದು ಬದಿ ಪೂರ್ತಿ ಕನ್ನಡದಲ್ಲಿ ಇರಲಿ. ನನ್ನದರಲ್ಲಿ ಹೀಗಿದೆ: "ಫಿಟ್ಸ್ ಇದೆ. ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ." ಅದರ ಕೆಳಗೆ ಹೆಂಡತಿಯ ನಂಬರು. ಅಪಸ್ಮಾರ ಅಂತ ಬರೆಸಬೇಡಿ, ಸಂತೆಯಲ್ಲಿ ಎಷ್ಟು ಜನಕ್ಕೆ ಅರ್ಥ ಆಗುತ್ತದೆ? ಫೋನ್ ನಂಬರಿಗೆ ಕನ್ನಡ ಅಂಕಿ ಬೇಡ, ಫೋನಿನಲ್ಲಿ ಒತ್ತುವ ಅಂಕಿಯೇ ಇರಲಿ. ನಮ್ಮ ತೋಟದ ಆಳುಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಂ ಕಡೆಯವರೇ ಜಾಸ್ತಿ ಅಲ್ವಾ, ಅವರಿಗೆ ಕನ್ನಡ ಓದಲು ಬರದಿದ್ದರೂ ಆ ಹತ್ತು ಅಂಕಿ ಓದುತ್ತಾರೆ.

ಇಂಗ್ಲಿಷ್ ಬದಿಗೆ ಮಗನ ಹೆಸರು, ಕಾಯಿಲೆ, ಯಾವುದಾದರೂ ಔಷಧಿ ಆಗಿಬರದಿದ್ದರೆ ಅದು, ಸಕ್ಕರೆ ಕಾಯಿಲೆಯಂಥದ್ದು ಬೇರೆ ಇದ್ದರೆ ಅದು. ಮನೆ ವಿಳಾಸ ಬೇಡ. ಮಾತ್ರೆಯ ಹೆಸರು, ಪ್ರಮಾಣವೂ ಬೇಡ. ನಾನು ಮೊದಲ ಬ್ಯಾಂಡಿನಲ್ಲಿ ಫೆನಿಟಾಯಿನ್ ಅಂತ ಕೆತ್ತಿಸಿದ್ದೆ. ಆಮೇಲೆ ಡಾಕ್ಟರು ಲೆವೆಟಿರಾಸೆಟಮ್‌ಗೆ ಬದಲಿಸಿದರು. ಒಂದು ವರ್ಷ ಸುಳ್ಳು ಹೇಳುವ ಬ್ಯಾಂಡ್ ಹಾಕಿಕೊಂಡು ತಿರುಗಿದ ಹಾಗಾಯಿತು. ಮಾತ್ರೆಯ ವಿವರ ಫೋನಿನ ಕವರಿನ ಹಿಂದೆ ಒಂದು ಚೀಟಿಯಲ್ಲಿ ಇರಲಿ, ಬದಲಾದಾಗ ಚೀಟಿ ಬದಲಿಸಿದರೆ ಆಯಿತು.

ಸ್ಟೇನ್‌ಲೆಸ್ ಸ್ಟೀಲೇ ತೆಗೆದುಕೊಳ್ಳಿ. ನಮ್ಮ ಮಳೆಗಾಲಕ್ಕೆ ಚರ್ಮದ ಪಟ್ಟಿ ಬೂಸ್ಟು ಹಿಡಿಯುತ್ತದೆ, ಬೆಳ್ಳಿ ಕಪ್ಪಾಗಿ ಅಕ್ಷರ ಕಾಣುವುದಿಲ್ಲ, ಹಿತ್ತಾಳೆ ಹಸಿರು ಬಿಡುತ್ತದೆ. ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಯುವಾಗ ಮೈಲುತುತ್ತ, ಸುಣ್ಣ ಬೇರೆ ಮೆತ್ತಿಕೊಳ್ಳುತ್ತದೆ. ಅಕ್ಷರ ಕೆತ್ತಿರಬೇಕು, ಮೇಲೆ ಬಣ್ಣದಲ್ಲಿ ಬರೆದದ್ದು ಒಂದು ಮಳೆಗಾಲ ನಿಲ್ಲಲ್ಲ. ಜೋತಾಡುವ ಚೈನ್ ಬೇಡವೇ ಬೇಡ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹತ್ತಿರ, ವೀಡ್ ಕಟರ್ ಹತ್ತಿರ ಸಿಕ್ಕಿಕೊಂಡರೆ ಕೈಯೇ ಹೋಗುತ್ತದೆ. ವಾಚಿನ ಪಟ್ಟಿಯ ಹಾಗೆ ಮಣಿಕಟ್ಟಿಗೆ ಕೂತಿರಬೇಕು, ಒಳಗೆ ಒಂದು ಬೆರಳು ಹೋಗುವಷ್ಟು ಜಾಗ ಸಾಕು. ನನಗೆ ಕೆತ್ತನೆ ಸೇರಿ ₹450 ಬಿತ್ತು. ಕ್ಯೂಆರ್ ಕೋಡ್ ಇರುವ ಬ್ಯಾಂಡ್ ಕೂಡ ಸಿಗುತ್ತದೆ. ಬರೀ ಅದನ್ನೇ ನಂಬಬೇಡಿ, ನಮ್ಮ ತೋಟಗಳಲ್ಲಿ ನೆಟ್‌ವರ್ಕ್ ಎಲ್ಲಿದೆ?

ಕುತ್ತಿಗೆಗೆ ಲಾಕೆಟ್ ಹಾಕಿದರೆ ಆಗಲ್ವಾ ಅಂತ ಕೇಳಿದ್ದೀರಿ. ಆಂಬ್ಯುಲೆನ್ಸಿನವರು ಕೈ, ಕುತ್ತಿಗೆ ಎರಡೂ ನೋಡುತ್ತಾರೆ. ಆದರೆ ನಮ್ಮಲ್ಲಿ ಅಂಗಿಯ ಒಳಗೆ ದಾರದಲ್ಲಿ ಏನು ಕಂಡರೂ ಜನ ತಾಯಿತ ಅಂದುಕೊಂಡು ಬಿಟ್ಟುಬಿಡುತ್ತಾರೆ. ಕೈಯೇ ವಾಸಿ. ಹಾವು ಸುತ್ತಿದ ಕೋಲಿನ ಗುರುತು ಕೆಂಪಗೆ ಇದ್ದರೆ ಇನ್ನೂ ಒಳ್ಳೆಯದು, ಬರೀ ಫ್ಯಾಷನ್ ಕಡಗ ಅಲ್ಲ ಅಂತ ಗೊತ್ತಾಗುತ್ತದೆ.

ಅತ್ತಿಗೆಗೆ ಈ ಕಥೆ ಹೇಳಿ. ಈ ಬ್ಯಾಂಡ್ ಹುಟ್ಟಿದ್ದೇ ಒಂದು ಮನೆಯ ಭಯದಿಂದ. 1953ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೇರಿಯನ್ ಕಾಲಿನ್ಸ್ ಅನ್ನುವ ಡಾಕ್ಟರ ಮಗಳಿಗೆ ಧನುರ್ವಾಯು ಔಷಧಿಯ ಸಣ್ಣ ಪರೀಕ್ಷೆಗೇ ಜೀವ ಹೋಗುವಂತಾಯಿತು. ನಾವಿಲ್ಲದಾಗ ಹೀಗಾದರೆ ಯಾರು ಹೇಳುತ್ತಾರೆ ಅನ್ನುವ ಚಿಂತೆಯಲ್ಲಿ ಕೈಗೆ ಬಳೆ ಮಾಡಿಸಿದರು. 1956ರಲ್ಲಿ ಅದೇ ಮೆಡಿಕ್‌ಅಲರ್ಟ್ ಸಂಸ್ಥೆಯಾಯಿತು. ಡಾಕ್ಟರ ಮನೆಯಲ್ಲೇ ಈ ಭಯ ಇತ್ತು ಅಂದಮೇಲೆ ನಮ್ಮದೇನು.

ಅವರ ನಿಜವಾದ ಚಿಂತೆ ಹುಡುಗನ ಮದುವೆಯದ್ದು ಅನ್ನಿಸುತ್ತದೆ. ನಮ್ಮ ಅವ್ವನಿಗೂ ಅದೇ ಇತ್ತು, ಅದನ್ನು ಹಗುರ ಮಾಡುವುದಿಲ್ಲ. ಹಿಂದೆ ಹಿಂದೂ ವಿವಾಹ ಕಾಯ್ದೆಯಲ್ಲೇ ಫಿಟ್ಸ್ ಇರುವವರ ಮದುವೆಗೆ ಅಡ್ಡಿ ಇತ್ತು. 1999ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ನೂರಕ್ಕೆ 70 ಜನಕ್ಕೆ ಫಿಟ್ಸ್ ಬಾರದ ಹಾಗೆ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನನ್ನ ಹೆಂಡತಿಗೆ ಹೆಣ್ಣು ನೋಡಲು ಹೋದ ದಿನವೇ ಹೇಳಿದ್ದೆ. ಈಗ ಪ್ರತಿ ಭಾನುವಾರ ಹಳೆ ಬ್ರಷ್ಷಿನಲ್ಲಿ ಈ ಬ್ಯಾಂಡ್ ಉಜ್ಜಿ ಕೊಡುವುದು ಅವಳೇ.

ಬ್ಯಾಂಡ್ ಬಂತು ಅಂತ ಹುಡುಗನನ್ನು ಮೆಣಸಿನ ಏಣಿ ಹತ್ತಿಸಬೇಡಿ ಅಣ್ಣ, ಕೆರೆಯ ಮೋಟಾರಿಗೆ ಒಬ್ಬನೇ ಕಳಿಸಬೇಡಿ. ಬೈಕ್ ವಿಷಯ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ಕುಯ್ಲಿನ ಸಮಯದಲ್ಲಿ ರಾತ್ರಿ ಪಲ್ಪಿಂಗ್‌ಗೆ ಕೂರಿಸಬೇಡಿ, ನಿದ್ದೆ ಕೆಟ್ಟರೆ ನನಗೆ ಮಾರನೇ ದಿನವೇ ಬರುತ್ತಿತ್ತು.

ತೋಟದವರಿಗೆ ಒಮ್ಮೆ ಮಾಡಿ ತೋರಿಸಿ. ನಾನು ಕಣದಲ್ಲೇ ಮಲಗಿದೆ. ಒಬ್ಬ ಹುಡುಗ ನನ್ನನ್ನು ಎಡಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಟವೆಲ್ ಮಡಚಿ ಇಟ್ಟ. ಇನ್ನೊಬ್ಬ ಫೋನಿನಲ್ಲಿ ಟೈಮ್ ನೋಡಿದ. ಒತ್ತಿ ಹಿಡಿಯಬಾರದು, ಕಬ್ಬಿಣ ಕೊಡಬಾರದು, ನೀರು ಕುಡಿಸಬಾರದು. ಐದು ನಿಮಿಷ ದಾಟಿದರೆ, ಎಚ್ಚರ ಬರುವ ಮುಂಚೆ ಇನ್ನೊಂದು ಬಂದರೆ, ಪೆಟ್ಟಾಗಿದ್ದರೆ, ನೀರಿನಲ್ಲಿ ಬಿದ್ದಿದ್ದರೆ ತಕ್ಷಣ 108ಕ್ಕೆ ಫೋನ್. ಇಷ್ಟನ್ನು ಅವರಿಗೆ ಹಿಂದಿಯಲ್ಲಿ ಹೇಳಿದೆ, ಅರ್ಧ ಗಂಟೆಯ ಕೆಲಸ.

ಕೆತ್ತಲು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಬ್ಯಾಂಡಿನ ಅಳತೆಗೇ ಕಾಗದ ಕತ್ತರಿಸಿ, ಅಕ್ಷರ ಅಷ್ಟೇ ಗಾತ್ರದಲ್ಲಿ ಬರೆದು, ಮನೆಯಲ್ಲಿ ಹಿರಿಯರ ಕೈಗೆ ಕೊಡಿ. ಕನ್ನಡಕ ಇಲ್ಲದೆ ಓದಲು ಆಗಬೇಕು. ನಮ್ಮ ಅವ್ವನಿಗೆ ಮೊದಲ ಸಲ ಆಗಲಿಲ್ಲ. ಎರಡು ಪದ ಕಡಿಮೆ ಮಾಡಿ ಅಕ್ಷರ ದೊಡ್ಡದು ಮಾಡಿಸಿದೆ. ಏನು ಬರೆಸಬೇಕು ಅಂತ ಮಗನನ್ನೂ ಕೂರಿಸಿಕೊಂಡೇ ತೀರ್ಮಾನ ಮಾಡಿ, ದಿನಾ ಹಾಕಿಕೊಳ್ಳುವವನು ಅವನು. ಅವನಿಗೆ ಮಾತಾಡಬೇಕು ಅನ್ನಿಸಿದರೆ ನನಗೆ ಫೋನ್ ಮಾಡಲಿ, ನಂಬರು ನಿಮಗೆ ಬೇರೆಯಾಗಿ ಕಳಿಸಿದ್ದೇನೆ.